ಅಹಾರ್ಯ

ತಿಂಗಳಿಗೊಂದು ಪದವನ್ನು ಕೈಗೆತ್ತಿಕೊಂಡು ಅದರ ಹುಟ್ಟನ್ನೂ ಅರ್ಥವನ್ನೂ ವಿಚಾರಿಸಿ, ಅದು ನಮ್ಮ ಮನೆಬಾಳಿಗೆ ಏನು ಹೇಳುತ್ತದೆಂಬುದನ್ನು ನೋಡುವುದು ಈ ಪುಟದ ವಾಡಿಕೆಯಷ್ಟೆ. ಈ ತಿಂಗಳ ಪದ ‘ಅಹಾರ್ಯ’. ಇದನ್ನು ‘ಆಹಾರ’ವೆಂದು ಓದಿಕೊಂಡು ಅಡಿಗೆಮನೆಯ ಸಂಗತಿಯೇನೋ ಬಂದಿತೆಂದು ಸಂತೋಷಪಟ್ಟ ವಾಚಕರು ಕ್ಷಮಿಸಬೇಕು. ಇದು ಬೆಟ್ಟದ ಹೆಸರು. ಆದರೆ ಅಡಿಗೆಮನೆಗೂ ಇದಕ್ಕೂ ಸಂಬಂಧವಿಲ್ಲವೆಂದು ಹೇಳುವಂತಿಲ್ಲ. ಆ ಮಾತು ಮುಂದೆ ಬರುವುದು.

ಅಮರಸಿಂಹನು ತನ್ನ ಕೋಶದ ಶೈಲವರ್ಗದ ಮೊದಲಿನಲ್ಲಿಯೇ ಪರ್ವತಕ್ಕೆ ಹದಿಮೂರು ಹೆಸರುಗಳನ್ನು ಹೇಳಿರುವನು. ಭೂಮಿಯನ್ನು ಹೊತ್ತಿರುವುದರಿಂದ ಮಹೀಧ್ರ. ಚಲಿಸದೆ ಇರುವುದರಿಂದ ಅಚಲ. ‘ಗೋ’ ಎಂದರೆ ಭೂಮಿ, ಅದನ್ನು ಕಾಪಾಡುವುದರಿಂದ ಗೋತ್ರ. ಇವುಗಳ ನಡುವೆ ಇರುವ ಹೆಸರೇ ಅಹಾರ್ಯ. ‘ಹೃ’ ಎಂಬ ಧಾತುವಿಗೆ ಒಯ್ಯುವುದು, ಕದಿಯುವುದು ಎಂದು ಅರ್ಥ. ಒಯ್ಯತಕ್ಕದ್ದು ಹಾರ್ಯ, ಒಯ್ಯಲಾಗದ್ದು ಅಹಾರ್ಯ. ಒಡವೆಯನ್ನು ಕಳ್ಳನು ಒಯ್ಯುವನು, ದನವನ್ನು ಹುಲಿಯು ಒಯ್ಯುವುದು, ಗದ್ದೆಯ ಬದುವನ್ನು ಹೊಳೆಯು ಒಯ್ಯುವುದು; ಬೆಟ್ಟವನ್ನು ಮಾತ್ರ ಯಾರೂ ಒಯ್ಯಲಾರರು. ಬಾಲ್ಯದಲ್ಲಿ ಇದನ್ನು ಬಾಯಿಪಾಠ ಮಾಡಿದಾಗ ನನಗೆ ಇದರಲ್ಲಿ ಯಾವ ಸಂದೇಹವೂ ಹುಟ್ಟಲಿಲ್ಲ. ರಾಮಾಯಣದಲ್ಲಿ ಆಂಜನೇಯನು ಓಷಧಿಯ ಪರ್ವತವನ್ನು ಹೊತ್ತು ತಂದನಲ್ಲವೆ ಎಂದು ಯಾರಾದರೂ ಕೇಳಬಹುದು. ತಂದುದು ನಿಜ, ಆದರೆ ಕಾರ್ಯ ತೀರಿದ ಬಳಿಕ ಅದನ್ನು ಇದ್ದ ಎಡೆಗೇ ತಿರುಗಿ ಒಯ್ದಿಟ್ಟನೆಂದು ವಾಲ್ಮೀಕಿಗಳು ಹೇಳುತ್ತಾರೆ. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಂಡಿರಬೇಕೆಂದು ಕೋರುತ್ತೇನೆ.

ಈಗ ನಮ್ಮ ನಾಡಿನ ಒಂದು ಬೆಟ್ಟದ ಕಡೆಗೆ ಬರೋಣ. ಚಿಕ್ಕಮಗಳೂರು ಸೀಮೆಯ ನೈರುತ್ಯದ ಅಂಚಿನಲ್ಲಿ, ಘಟ್ಟದ ಸಾಲು ಪಶ್ಚಿಮಕ್ಕೆ ಕಡಿದು ಬೀಳುವ ಸ್ಥಳದಲ್ಲಿ, ೧೮೯೪ ಮೀಟರು, ಎಂದರೆ ಸುಮಾರು ೬೨೦೦ ಅಡಿ ಎತ್ತರದ ಶಿಖರವೊಂದಿದೆ. ಕೆಳಗಿನ ಬೆಳ್ತಂಗಡಿಯ ಕಡೆಯಿಂದ ನೋಡಿದರೆ ಅದು ಕುದುರೆಯೊಂದು ಮೋರೆಯನ್ನು ನೀಡಿಕೊಂಡಂತೆ ಕಾಣುವುದರಿಂದ ಕುದುರೆಮುಖವೆಂದು ಹೆಸರಾಯಿತು. ಪಡುವಣ ಕಡಲಿನಲ್ಲಿ ಹಡಗು ನಡೆಸುವವರಿಗೂ ಅದು ದಿಕ್ಕಿನ ಗುರುತಾಗಿತ್ತು. ಆಂಗ್ಲರ ಕಾಲದಲ್ಲಿ ದಕ್ಷಿಣ ಕನ್ನಡದ ಅಧಿಕಾರಿಗಳು ಬೇಸಗೆಯ ಧಗೆಯನ್ನು ತಾಳಲಾರದೆ ಈ ಬೆಟ್ಟದ ಮೇಲೆ ಬಂಗಲೆಯನ್ನು ಕಟ್ಟಿಸಿಕೊಂಡು ಬಂದು ಇರುತ್ತಿದ್ದರು.

ಈ ಸೀಮೆಯ ಮಳೆಯನ್ನು ಬಯಲುನಾಡಿನವರಿಗೆ ವರ್ಣಿಸಿ ತಿಳಿಸುವುದು ಕಷ್ಟ. ವರ್ಷವೊಂದಕ್ಕೆ ಸುಮಾರು ೭೦೦೦ ಮಿಲಿಮೀಟರು. ಹಳೆಯ ಲೆಕ್ಕದಲ್ಲಿ ಇನ್ನೂರೆಪ್ಪತ್ತು ಅಂಗುಲಕ್ಕೂ ಮೇಲು. ಇದರ ಬಹುಭಾಗವು ಜ್ಯೇಷ್ಠದಿಂದ ಭಾದ್ರಪದದವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯುವುದು. ಕಳಸ, ಸಂಸೆ, ಹೊರನಾಡುಗಳ ಕಡೆಯ ಹಿರಿಯರು ಮಳೆ ಹಿಡಿಯುವುದಕ್ಕೆ ಮುಂಚೆಯೇ ಸೌದೆಯನ್ನು ಒಟ್ಟಿ, ಹಪ್ಪಳ ಸಂಡಿಗೆ ಉಪ್ಪಿನಕಾಯಿಗಳನ್ನು ಮಾಡಿಟ್ಟು, ಕಂಬಳಿಕೊಪ್ಪೆಗಳನ್ನು ಗೂಟಕ್ಕೆ ತಗುಲಿಹಾಕಿಕೊಂಡು ಕಾದಿರುತ್ತಿದ್ದರು. ಹಳ್ಳ ತುಂಬಿದರೆ ಆಚೆಯ ಮನೆಯವರು ಆಚೆಗೆ, ಈಚೆಯವರು ಈಚೆಗೆ. ಅಡಕೆ, ಏಲಕ್ಕಿ, ಕಾಫಿ, ಮೆಣಸು, ಕಣಿವೆಯಲ್ಲಿ ತುಂಡು ಗದ್ದೆ ಇವೇ ಅಲ್ಲಿಯ ಬದುಕು. ಕಾಡಿನ ಒಳಮಗ್ಗುಲಲ್ಲಿ ಮಲೆಕುಡಿಯರೆಂಬ ಜನ ಜೇನು, ಸೀಗೆ ಮೊದಲಾದುವನ್ನು ಕೂಡಿಸುತ್ತ, ಅಲ್ಪಸ್ವಲ್ಪ ಕೃಷಿಯನ್ನು ಮಾಡುತ್ತ ತಲೆಮಾರುಗಳಿಂದ ಬಾಳಿಕೊಂಡು ಬಂದಿರುವರು. ಭದ್ರಾನದಿಯ ದಡದಲ್ಲಿ ಕಳಸೇಶ್ವರನ ಗುಡಿ. ಶಿವನ ವಿವಾಹವನ್ನು ನೋಡಲು ಸಕಲರೂ ಉತ್ತರಕ್ಕೆ ನೆರೆದಾಗ ಭೂಮಿಯು ಅತ್ತ ವಾಲಿತೆಂದೂ, ಅದನ್ನು ಸರಿತೂಗಿಸಲು ಅಗಸ್ತ್ಯರು ದಕ್ಷಿಣಕ್ಕೆ ಬಂದರೆಂದೂ ಅಲ್ಲಿಯ ಸ್ಥಳಪುರಾಣ.

ಇಷ್ಟು ಮಳೆ ಬಿದ್ದರೂ ಬೆಟ್ಟವು ಕೊಚ್ಚಿಹೋಗದೆ ನಿಂತಿರುವುದು ಹೇಗೆ? ಮಳೆ ನಿಂತು ತಿಂಗಳುಗಳಾದರೂ ಅಲ್ಲಿಯ ತೊರೆಗಳು ಬತ್ತದಿರುವುದು ಹೇಗೆ? ಇದಕ್ಕೆ ಉತ್ತರವು ಬೆಟ್ಟದ ಹೊದಿಕೆಯಲ್ಲಿದೆ. ದೂರದಿಂದ ನೋಡುವವರಿಗೆ ಕುದುರೆಮುಖದ ಮೇಲ್ಭಾಗವು ಬೋಳು ಗುಡ್ಡದಂತೆ ಕಾಣುವುದು. ಹತ್ತಿರ ಹೋದರೆ ಅದು ಮೊಣಕಾಲುದ್ದ ಹುಲ್ಲು. ಎರಡು ಗುಡ್ಡಗಳು ಕೂಡುವ ಮಡಿಕೆಗಳಲ್ಲಿ ಮಾತ್ರ, ಗಾಳಿಯ ಹೊಡೆತಕ್ಕೆ ಮರೆಯಾಗಿ, ಕುಳ್ಳಾದ ಮರಗಳ ದಟ್ಟ ಕಾಡು. ಇದನ್ನು ಶೋಲವೆಂದು ಕರೆಯುವರು. ಹುಲ್ಲಿನ ಸಣ್ಣ ಬೇರುಗಳು ನೇಯ್ದ ಚಾಪೆಯಂತೆ ಮಣ್ಣನ್ನು ಹಿಡಿದಿರುವುವು. ಅಲ್ಲಿಂದ ಮೆಲ್ಲನೆ ಜಾರಿ ಬಂದ ನೀರನ್ನು ಶೋಲದ ಕೆಳಗಿನ ಎಲೆಗೊಬ್ಬರವೂ ಪಾಚಿಯೂ ಮೆತ್ತನೆಯ ಮಣ್ಣೂ ಹೀರಿ ಇಟ್ಟುಕೊಂಡು, ಮನೆಯ ಜಾಣೆ ಹಿರಿಯಳು ಕಣಜದ ಧಾನ್ಯವನ್ನು ಅಳೆದು ಕೊಡುವಂತೆ, ದಿನಕ್ಕಿಷ್ಟೆಂದು ಕೆಳಕ್ಕೆ ಬಿಡುವುವು. ಹುಲ್ಲೂ ಕಾಡೂ ಸೇರಿಯೇ ಈ ಕಣಜ. ಒಂದು ಹೋದರೆ ಇನ್ನೊಂದು ನಿಲ್ಲಲಾರದು.

ಹುಲ್ಲನ್ನು ಕಂಡು, ಮನುಷ್ಯರು ಮರ ಕಡಿದುದರಿಂದ ಬೆಟ್ಟವು ಬೋಳಾಗಿದೆಯೆಂದು ತಿಳಿಯುವವರು ಬಹಳ ಮಂದಿ. ಅದು ಸರಿಯಲ್ಲ. ಇದೇ ಬಗೆಯ ಹುಲ್ಲುಗಾವಲುಳ್ಳ ನೀಲಗಿರಿಯಲ್ಲಿ ಜೌಗಿನ ಮಣ್ಣನ್ನು ತೆಗೆದು ಪರೀಕ್ಷಿಸಿದ ವಿಜ್ಞಾನಿಗಳು, ಇಪ್ಪತ್ತು ಸಾವಿರ ವರ್ಷಗಳ ಹಿಂದೆಯೂ ಅಲ್ಲಿ ಹುಲ್ಲು ಇದ್ದಿತೆಂದು ಕಂಡುಕೊಂಡಿದ್ದಾರೆ. ನಮ್ಮ ಕಣ್ಣಿಗೆ ಬರಿದಾಗಿ ಕಂಡದ್ದೆಲ್ಲ ಬರಿದಲ್ಲ.

ಈ ಸಾಲಿನ ವರಾಹಪರ್ವತದಲ್ಲಿ ಗಂಗಾಮೂಲವೆಂಬ ಸ್ಥಳವಿದೆ. ವರಾಹಸ್ವಾಮಿಯು ಭೂಮಿಯನ್ನು ಎತ್ತಿ ತಂದು ಬಳಲಿ ಕುಳಿತಾಗ ಎಡದ ದಾಡೆಯಿಂದ ತುಂಗೆಯೂ, ಬಲದ ದಾಡೆಯಿಂದ ಭದ್ರೆಯೂ, ಕಣ್ಣಿನಿಂದ ನೇತ್ರಾವತಿಯೂ ಹರಿದುವೆಂದು ಹೇಳುವರು. ತುಂಗೆಯೂ ಭದ್ರೆಯೂ ಬೇರೆ ಬೇರೆಯಾಗಿ ಸುತ್ತಿ ಬಂದು ಶಿವಮೊಗ್ಗೆಯ ಬಳಿ ಕೂಡಲಿಯಲ್ಲಿ ಸೇರಿ, ಹೊಸಪೇಟೆಯ ಜಲಾಶಯವನ್ನು ತುಂಬಿ, ಕೃಷ್ಣೆಯನ್ನು ಕೂಡಿಕೊಂಡು ಮೂಡಣ ಕಡಲಿಗೆ ಹೋಗುವುವು. ನೇತ್ರಾವತಿಯಾದರೋ ಪಶ್ಚಿಮಕ್ಕೆ ಇಳಿದು ಮಂಗಳೂರಿನವರ ಬಾಯಾರಿಕೆಯನ್ನು ತೀರಿಸಿ ಪಡುವಣ ಕಡಲನ್ನು ಸೇರುವುದು. ಭದ್ರಾವತಿಯ ಅಕ್ಕಿ, ರಾಯಚೂರಿನ ಬತ್ತ, ಮಂಗಳೂರಿನ ಗಂಜಿ ಇವೆಲ್ಲವೂ ಒಂದೇ ಬೆಟ್ಟಸಾಲಿನ ಋಣ. ಅಡಿಗೆಮನೆಗೂ ಅಹಾರ್ಯಕ್ಕೂ ಸಂಬಂಧವುಂಟೆಂದು ಮೊದಲೇ ಹೇಳಿದುದು ಇದಕ್ಕಾಗಿ.

ಇನ್ನು ಕಬ್ಬಿಣದ ಕಥೆ. ೧೯೧೩ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್ಯರು ಈ ಗುಡ್ಡಗಳಲ್ಲಿ ಕಬ್ಬಿಣದ ಅದಿರನ್ನು ಗುರುತಿಸಿದರು. ಅಯಸ್ಕಾಂತಕ್ಕೆ ಅಂಟುವ ಜಾತಿಯ ಅದಿರು ಅದು. ಆದರೆ ಅದರಲ್ಲಿ ಕಬ್ಬಿಣದ ಪಾಲು ನೂರಕ್ಕೆ ನಲವತ್ತನ್ನೂ ಮುಟ್ಟುತ್ತಿರಲಿಲ್ಲ. ಆದುದರಿಂದ ಬಹುಕಾಲ ಅದು ಹಾಗೆಯೇ ಇತ್ತು. ೧೯೬೯ರಲ್ಲಿ ಮೂವತ್ತು ವರ್ಷದ ಗಣಿ ಗುತ್ತಿಗೆಯಾಯಿತು. ೧೯೭೫ರಲ್ಲಿ ಇರಾನ್ ದೇಶದವರು ೬೩ ಕೋಟಿ ಡಾಲರುಗಳ ಸಾಲ ಕೊಟ್ಟು ಅದಿರನ್ನು ಕೊಳ್ಳುವೆವೆಂದು ಒಪ್ಪಿದರು. ೧೯೭೬ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿಯು ಭಾರತ ಸರ್ಕಾರದ ಸಂಸ್ಥೆಯಾಗಿ ಸ್ಥಾಪಿತವಾಯಿತು. ಕೆಲಸವು ೧೯೮೦ರಲ್ಲಿ ಮುಗಿಯುವ ಹೊತ್ತಿಗೆ, ಅದರ ಹಿಂದಿನ ವರ್ಷವೇ ಇರಾನಿನಲ್ಲಿ ರಾಜ್ಯಕ್ರಾಂತಿಯಾಗಿ, ಕೊಳ್ಳುವವನೇ ಹಿಂದೆಗೆದನು. ಬೆಟ್ಟವನ್ನು ಅಗೆದಾಗಿತ್ತು, ಬೇರೆ ಕೊಳ್ಳುವವರನ್ನು ಹುಡುಕಬೇಕಾಯಿತು.

ಅಗೆದುದನ್ನು ಸಾಗಿಸಿದ ಬಗೆಯನ್ನು ಇಲ್ಲಿ ಹೇಳಲೇಬೇಕು. ಬೆಟ್ಟವನ್ನು ಸಿಡಿಸಿ, ಕಲ್ಲನ್ನು ಹಿಟ್ಟಿನಂತೆ ಅರೆದು, ಅಯಸ್ಕಾಂತದಿಂದ ಕಬ್ಬಿಣದ ಪುಡಿಯನ್ನು ಬೇರ್ಪಡಿಸಿ, ಅದನ್ನು ನೀರಿನಲ್ಲಿ ಕಲಸಿ, ಸುಮಾರು ೬೭ ಕಿಲೋಮೀಟರು ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿನ ಬಂದರಿಗೆ ಹರಿಸುತ್ತಿದ್ದರು. ಅಲ್ಲಿಂದ ಅದು ಹಡಗನ್ನು ಹತ್ತಿ ಹೊರದೇಶಕ್ಕೆ ಹೋಗುತ್ತಿತ್ತು. ಅಮರಸಿಂಹನು ಯಾವುದನ್ನು ಒಯ್ಯಲಾಗದೆಂದನೋ ಅದನ್ನು ಮನುಷ್ಯರು ಅದೇ ಬೆಟ್ಟದ ನೀರಿನಲ್ಲಿಯೇ ಕದಡಿ ಒಯ್ದರು! ಕಬ್ಬಿಣವಲ್ಲದ ಉಳಿದ ಪುಡಿಯನ್ನು ನಿಲ್ಲಿಸಲು, ಭದ್ರೆಯನ್ನು ಸೇರುವ ಲಕ್ಯಾ ಹೊಳೆಗೆ ಸುಮಾರು ೧೦೦ ಮೀಟರು ಎತ್ತರದ ಕಟ್ಟೆಯನ್ನು ಕಟ್ಟಿದರು. ಗಣಿ ಇದ್ದ ಭಾಗವು ಭದ್ರೆಯ ಜಲಾನಯನದಲ್ಲಿ ಅತ್ಯಲ್ಪವಾದ ಒಂದು ತುಂಡು. ಆದರೆ ಆ ಮೇಲ್ದಂಡೆಯಲ್ಲಿ ನದಿ ಹೊತ್ತು ತರುತ್ತಿದ್ದ ಹೂಳಿನಲ್ಲಿ ಅರ್ಧಕ್ಕೂ ಮಿಕ್ಕು ಆ ತುಂಡಿನಿಂದಲೇ ಬರುತ್ತಿದ್ದಿತೆಂದು ಅಳೆದು ನೋಡಿದವರು ಹೇಳಿದರು.

ಆ ಕಾಲದಲ್ಲಿ ನಾನು ಭದ್ರೆಯ ದಡದ ಒಂದು ಊರಿನಲ್ಲಿ ಉಪಾಧ್ಯಾಯನಾಗಿದ್ದೆನು. ಸಂಸ್ಕೃತವನ್ನು ಹೇಳಿಕೊಡುವುದು ನನ್ನ ಕೆಲಸವಾದರೂ, ಒಂದು ವರ್ಷ ಭೂಗೋಳಕ್ಕೆ ಯಾರೂ ಇಲ್ಲದೆ ಆ ಪಾಠವೂ ನನ್ನ ಪಾಲಿಗೆ ಬಂದಿತು. ಪರೀಕ್ಷೆಯಲ್ಲಿ ‘ಕುದುರೆಮುಖವು ಯಾವುದಕ್ಕೆ ಪ್ರಸಿದ್ಧವಾಗಿದೆ?’ ಎಂದು ಒಂದು ಅಂಕದ ಪ್ರಶ್ನೆಯನ್ನು ಹಾಕಿದ್ದೆನು. ಎಲ್ಲರೂ ‘ಕಬ್ಬಿಣದ ಅದಿರು’ ಎಂದು ಬರೆದರು. ಒಬ್ಬ ಬಾಲಿಕೆ ಮಾತ್ರ ‘ನೀರು’ ಎಂದು ಬರೆದಿದ್ದಳು. ನಾನು ಕೆಂಪು ಶಾಯಿಯಿಂದ ಅದನ್ನು ಹೊಡೆದುಹಾಕಿ, ತರಗತಿಯಲ್ಲಿ ಅವಳನ್ನು ಎಬ್ಬಿಸಿ ನಿಲ್ಲಿಸಿ, ಹಾಗೇಕೆ ಬರೆದೆಯೆಂದು ಕೇಳಿದೆನು.

“ಮೇಷ್ಟ್ರೇ, ನಮ್ಮ ಮನೆಗೆ ಕುದುರೆಮುಖದಿಂದ ಬರೋದು ನೀರು ಒಂದೇ” ಎಂದಳು. ಸ್ವಲ್ಪ ತಡೆದು, “ಈಗ ಅದೂ ಕೆಂಪಾಗಿ ಬರ್ತದೆ” ಎಂದಳು.

ಮಕ್ಕಳೆಲ್ಲರೂ ನಕ್ಕರು. ನಾನೂ ನಕ್ಕೆನು. ಪುಸ್ತಕದಲ್ಲಿ ಇರುವುದನ್ನು ಬರೆಯಬೇಕೆಂದು ಹೇಳಿ ಕುಳ್ಳಿರಿಸಿದೆನು. ಅವಳು ಮತ್ತೆ ತಲೆಯೆತ್ತಲಿಲ್ಲ. ಗೋತ್ರವೆಂದರೆ ಭೂಮಿಯನ್ನು ಕಾಪಾಡುವುದೆಂದು ಮುಂಜಾನೆಯ ಪಾಠದಲ್ಲಿ ವ್ಯುತ್ಪತ್ತಿ ಹೇಳಿದವನು, ಆ ಅರ್ಥವನ್ನು ತಾನೇ ಕಂಡು ಬರೆದ ಮಗುವಿಗೆ ಮಧ್ಯಾಹ್ನದ ಪಾಠದಲ್ಲಿ ಸೊನ್ನೆ ಕೊಟ್ಟೆನು.

ಅವಳ ಉತ್ತರವು ಸರಿಯೆಂದು ನ್ಯಾಯಸ್ಥಾನದಲ್ಲಿಯೂ ತೀರ್ಮಾನವಾಗಲು ಕೆಲವು ವರ್ಷಗಳು ಹಿಡಿದುವು. ಈ ಕಾಡುಗಳಲ್ಲಿ ಸಿಂಗಳೀಕವೆಂಬ ಕಪಿ ಇದೆ. ಮುಖದ ಸುತ್ತ ಬಿಳಿಯ ಕೇಸರ, ಬಾಲದ ತುದಿಯಲ್ಲಿ ಸಿಂಹದ ಬಾಲದಂತೆ ಕುಚ್ಚು. ಪಶ್ಚಿಮಘಟ್ಟವನ್ನು ಬಿಟ್ಟು ಲೋಕದಲ್ಲಿ ಬೇರೆಲ್ಲಿಯೂ ಇದು ಕಾಡಿನ ವಾಸಿಯಾಗಿ ಇಲ್ಲ. ಉಲ್ಲಾಸ ಕಾರಂತರು ೧೯೮೩-೮೪ರಲ್ಲಿ ಇದನ್ನು ಕುರಿತು ಸಮೀಕ್ಷೆ ನಡೆಯಿಸಿದರು. ೧೯೮೭ರಲ್ಲಿ ಸುಮಾರು ೬೦೦ ಚದರ ಕಿಲೋಮೀಟರು ಪ್ರದೇಶವು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಗುತ್ತಿಗೆಯ ಅವಧಿ ೧೯೯೯ರಲ್ಲಿ ತೀರಿದ ಮೇಲೂ ಗಣಿಯನ್ನು ಮುಂದುವರಿಸುವ ಮಾತು ನಡೆದಾಗ ಅನೇಕರು ವಿರೋಧಿಸಿದರು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ. ಎಂ. ಚಿಣ್ಣಪ್ಪನವರ ಹೆಸರಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೨ನೆಯ ಅಕ್ಟೋಬರ್ ೩೦ರಂದು ತೀರ್ಪನ್ನಿತ್ತಿತು. ಅದರಂತೆ ೨೦೦೫ರ ಕೊನೆಗೆ ಗಣಿಯ ಕೆಲಸವು ನಿಂತುಹೋಯಿತು. ೨೦೧೨ರಲ್ಲಿ ಪಶ್ಚಿಮಘಟ್ಟದ ಇತರ ಸ್ಥಳಗಳೊಡನೆ ಕುದುರೆಮುಖವೂ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು.

ಇಲ್ಲಿಗೆ ಕಥೆಯು ಮಂಗಳವಾಯಿತೆಂದು ಮುಗಿಸಿಬಿಡುವುದು ಸುಲಭ. ಆದರೆ ಅದು ನ್ಯಾಯವಲ್ಲ. ಗಣಿಯಿಂದಾಗಿ ಮಲ್ಲೇಶ್ವರದಲ್ಲಿ ಶಾಲೆ, ಆಸ್ಪತ್ರೆ, ಸಾಲುಮನೆಗಳುಳ್ಳ ಒಂದು ಊರೇ ಎದ್ದಿತ್ತು. ಸಾವಿರಾರು ಸಂಸಾರಗಳು ಅಲ್ಲಿ ಒಲೆ ಹೊತ್ತಿಸಿದುವು, ಮಕ್ಕಳನ್ನು ಓದಿಸಿದುವು. ಗಣಿ ನಿಂತ ಮೇಲೆ ಆ ಊರು ಬರಿದಾಯಿತು. ದುಡಿದವರು ಕಳ್ಳರಲ್ಲ, ದೇಶಕ್ಕೆ ಕಬ್ಬಿಣ ಬೇಕಲ್ಲವೆ, ಹೊರಗಿನ ಹಣ ಬೇಕಲ್ಲವೆ ಎಂದು ಅವರು ಕೇಳಿದ ಪ್ರಶ್ನೆ ಹುಸಿಯಲ್ಲ. ನಾವೆಲ್ಲರೂ ಕಬ್ಬಿಣದ ಬಾಗಿಲು, ಕಬ್ಬಿಣದ ಬಸ್ಸುಗಳಲ್ಲಿ ಬಾಳುವವರೇ. ಇತ್ತ ಉದ್ಯಾನವಾದುದರಿಂದ, ಒಂದು ಕಲ್ಲನ್ನೂ ಸಿಡಿಸದ ಮಲೆಕುಡಿಯರಿಗೂ ಕಣಿವೆಯ ಸಣ್ಣ ರೈತರಿಗೂ ಹೊಸ ತೊಂದರೆ ಹುಟ್ಟಿತು. ಕಾಡನ್ನು ಬಿಟ್ಟು ಹೋಗಬೇಕೋ ಇರಬೇಕೋ ಎಂಬ ಚಿಂತೆ. ಕೆಲವರು ಪರಿಹಾರವನ್ನು ಪಡೆದು ಹೊರಟರು; ಕೆಲವರು ಹೋಗೆವೆಂದು ಉಳಿದರು. ಬೆಟ್ಟವನ್ನು ಅಗೆದವರಿಗೆ ಮೂವತ್ತು ವರ್ಷದ ಗುತ್ತಿಗೆ ದೊರೆತಿತ್ತು. ಬೆಟ್ಟದೊಡನೆ ಬಾಳಿದವರು ತಮ್ಮ ಜಗುಲಿಗೆ ಕಾಗದವನ್ನು ತೋರಿಸಬೇಕಾಯಿತು. ೨೦೦೬ರಲ್ಲಿ ಬಂದ ಅರಣ್ಯಹಕ್ಕಿನ ಕಾಯಿದೆಯು ಅವರ ಪಾಲಿನ ನ್ಯಾಯವನ್ನು ಒಪ್ಪಿಕೊಂಡಿತಾದರೂ, ಕಾಯಿದೆಯ ಮಾತು ಕಾಡಿನ ಕೊನೆಯ ಮನೆಯನ್ನು ಮುಟ್ಟಲು ಬಹಳ ಹೊತ್ತು ಬೇಕು.

ಕೆಲಸದಿಂದ ನಿವೃತ್ತನಾದ ಮೇಲೆ ಒಂದು ಮಾಘಮಾಸದಲ್ಲಿ, ಅರಣ್ಯ ಇಲಾಖೆಯ ಅನುಮತಿಯನ್ನು ಪಡೆದು, ಸಂಸೆಯ ಮೇಲಿನ ಮುಳ್ಳೋಡಿಯಿಂದ ಕುದುರೆಮುಖದ ದಾರಿಯನ್ನು ಹಿಡಿದೆನು. ಜೊತೆಯಲ್ಲಿದ್ದ ಕಿರಿಯರು ಶಿಖರಕ್ಕೆ ಹೋದರು. ನನ್ನ ಮೊಣಕಾಲುಗಳು ಅರ್ಧ ದಾರಿಯಲ್ಲಿಯೇ ಸಾಕೆಂದುವು. ಒಂದು ಶೋಲದ ಅಂಚಿನಲ್ಲಿ ಕುಳಿತೆನು. ದೊಡ್ಡ ಮಳೆ ನಿಂತು ಮೂರು ತಿಂಗಳಾಗಿತ್ತು. ಮೇಲಿನ ಹುಲ್ಲು ಒಣಗಿ ಗೋದಿಯ ಬಣ್ಣಕ್ಕೆ ತಿರುಗಿತ್ತು. ಆದರೂ ಮರಗಳ ಬುಡದಿಂದ ಬೆರಳುಗಾತ್ರದ ನೀರು ಹರಿದು ಬರುತ್ತಿತ್ತು. ಬೊಗಸೆಯಲ್ಲಿ ಹಿಡಿದು ನೋಡಿದೆನು. ಅಂಗೈಯ ಗೆರೆಗಳು ಕಾಣುವಷ್ಟು ತಿಳಿಯಾಗಿತ್ತು. ಆಗ ನನಗೆ ನೆನಪಾದುದು ಯಾವ ಕವಿಯ ವರ್ಣನೆಯೂ ಅಲ್ಲ, ನಾನು ಕೆಂಪು ಶಾಯಿಯಿಂದ ಹೊಡೆದುಹಾಕಿದ ಆ ಎರಡಕ್ಷರ.

ಅಗೆದ ಗುಡ್ಡದ ಮೇಲೆ ಈಗ ಹುಲ್ಲೂ ಗಿಡವೂ ಹಬ್ಬುತ್ತಿವೆಯೆಂಬುದು ಸಂತೋಷದ ಸಂಗತಿ. ಆದರೆ ಸಿಡಿಸಿದ ಗುಡ್ಡವನ್ನು ಯಾವ ಮಳೆಯೂ ಮತ್ತೆ ಕಟ್ಟಿಕೊಡಲಾರದು. ಲಕ್ಯಾ ಕಟ್ಟೆಯ ಹಿಂದೆ ಅರೆದ ಬೆಟ್ಟದ ಹೂಳು ಹಾಗೆಯೇ ನಿಂತಿದೆ. ಆ ಕಟ್ಟೆಯನ್ನು ಮುಂದಿನ ತಲೆಮಾರುಗಳೂ ಕಾದುಕೊಂಡಿರಬೇಕು. ಆಂಜನೇಯನು ತಂದುದನ್ನು ತಿರುಗಿ ಇಟ್ಟನು. ನಮಗೆ ಒಯ್ಯುವ ವಿದ್ಯೆ ಬಂದಿದೆ, ತಿರುಗಿ ಇಡುವ ವಿದ್ಯೆ ಬಂದಿಲ್ಲ. ಆದುದರಿಂದ ‘ಅಹಾರ್ಯ’ ಎಂಬ ಪದಕ್ಕೆ ಒಯ್ಯಲಾಗದ್ದು ಎಂದು ನಾನು ಬಾಲ್ಯದಲ್ಲಿ ಕಲಿತ ಅರ್ಥವನ್ನು ಸ್ವಲ್ಪ ತಿದ್ದಿಕೊಂಡಿದ್ದೇನೆ. ವ್ಯಾಕರಣವೂ ಇದಕ್ಕೆ ಅಡ್ಡಿ ಬರುವುದಿಲ್ಲ. ಆ ಪ್ರತ್ಯಯಕ್ಕೆ ‘ಆಗುವುದು’ ಎಂಬಂತೆ ‘ತಕ್ಕುದು’ ಎಂಬ ಅರ್ಥವೂ ಉಂಟು. ಅಹಾರ್ಯವೆಂದರೆ ಒಯ್ಯಲಾಗದ್ದಲ್ಲ, ಒಯ್ಯಬಾರದ್ದು.

ವಾಚಕರು ತಮ್ಮ ಮನೆಯ ಮಕ್ಕಳನ್ನು ಒಂದು ದಿನ ಹತ್ತಿರ ಕುಳ್ಳಿರಿಸಿಕೊಂಡು, ‘ನಮ್ಮ ಕೊಡಕ್ಕೆ ನೀರು ಎಲ್ಲಿಂದ ಬರುತ್ತದೆ?’ ಎಂದು ಕೇಳಬೇಕು. ನಲ್ಲಿಯಿಂದ ಎಂದರೆ, ನಲ್ಲಿಗೆ ಎಲ್ಲಿಂದ. ಹೊಳೆಯಿಂದ ಎಂದರೆ, ಹೊಳೆಗೆ ಎಲ್ಲಿಂದ ಎಂದು ಮೇಲುಮೇಲಕ್ಕೆ ಕೇಳುತ್ತ ಹೋಗಬೇಕು. ಆ ದಾರಿಯ ಕೊನೆಯಲ್ಲಿ ಯಾವುದಾದರೂ ಒಂದು ಬೆಟ್ಟವೋ ಗುಡ್ಡವೋ ಕೆರೆಯ ಮೇಲಣ ದಿಣ್ಣೆಯೋ ಇದ್ದೇ ಇರುವುದು. ಅದರ ಹೆಸರನ್ನು ಮಕ್ಕಳು ತಿಳಿದಿರಲಿ. ಅವರು ಪುಸ್ತಕದಲ್ಲಿಲ್ಲದ ಉತ್ತರವನ್ನು ಹೇಳಿದರೆ ನಗದೆ, ಹಾಗೇಕೆಂದು ಎರಡನೆಯ ಸಲ ಕೇಳುವ ತಾಳ್ಮೆ ನಮಗಿರಲಿ.

ಆ ಬಾಲಿಕೆ ಈಗ ಗೃಹಿಣಿಯಾಗಿ ಎಲ್ಲಿಯೋ ಇರಬಹುದು. ಈ ಪತ್ರಿಕೆಯು ಅವಳ ಮನೆಗೂ ಬರುತ್ತಿರಬಹುದು. ಬರುತ್ತಿದ್ದರೆ ಅವಳು ತಿಳಿಯತಕ್ಕದ್ದಿಷ್ಟೆ: ಆ ಪ್ರಶ್ನೆಗೆ ಇದ್ದ ಒಂದು ಅಂಕ ಅವಳಿಗೆ ಸಲ್ಲತಕ್ಕದ್ದಾಗಿತ್ತು. ತಡವಾಗಿಯಾದರೂ ಅದನ್ನು ಇಲ್ಲಿ ಕೊಟ್ಟಿದ್ದೇನೆ.